ಸುಂಕದಕಟ್ಟೆಯ ಕುಕಿ

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿ, ಅಟ್ಲಾಂಟಿಕ್ ಸಾಗರದ ದಂಡೆಗೆ ಹೊಂದಿಕೊಂಡು ಮೆಸಾಚುಸೆಟ್ಸ್ ಎಂಬ ರಾಜ್ಯವಿದೆ. ಅದರ ರಾಜಧಾನಿಯಾದ ಬಾಸ್ಟನ್ ನಗರದಿಂದ ದಕ್ಷಿಣಾಭಿಮುಖವಾಗಿ 35-40 ಕಿಲೋಮೀಟರುಗಳಷ್ಟು ಸಾಗಿದರೆ ವಿಟ್‌ಮನ್ ಎಂಬ ಊರು ದೊರೆಯುತ್ತದೆ. ಒಂದು ಕಾಲಕ್ಕೆ ಪಾದರಕ್ಷೆಗಳ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು ಅದು. ನಯಾಗರ ಜಲಪಾತವನ್ನೂ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೂ ಕಣ್ತುಂಬ ನೋಡಿ ಬರುವ ನಮ್ಮ ಜನ ಈ ಊರಿಗೆ ಹೋಗುವುದಿಲ್ಲ. ಹೋಗಬೇಕಾದ ಕಾರಣವೂ ಮೇಲ್ನೋಟಕ್ಕೆ ತೋರದು. ಆದರೆ ಆ ದೇಶದ ಮನೆಮನೆಯ ಮಕ್ಕಳು, ಅಲ್ಲಿ ನೆಲೆಸಿದ ನಮ್ಮವರ ಮಕ್ಕಳೂ ಸೇರಿ, ಕೈಚಾಚಿ ಕೇಳುವ ಚಾಕೊಲೇಟ್ ತುಣುಕಿನ ಕುಕಿ ಹುಟ್ಟಿದ್ದು ಇಲ್ಲಿಯೇ.

ಕುಕಿ ಎಂದರೆ ಏನೆಂದು ನಮ್ಮ ಹಿರಿಯ ಓದುಗರು ಕೇಳಿಯಾರು. ಡಚ್ಚರ ಭಾಷೆಯಲ್ಲಿ ಪುಟ್ಟ ಕೇಕು ಎಂಬರ್ಥದ ಮಾತೊಂದು ಅಮೆರಿಕನ್ನರ ಬಾಯಲ್ಲಿ ಕುಕಿಯಾಯಿತು. ಇಂಗ್ಲೆಂಡಿನವರು ಇದನ್ನೇ ಬಿಸ್ಕತ್ತು ಎನ್ನುತ್ತಾರೆ, ನಾವು ಕಲಿತದ್ದೂ ಅವರ ಮಾತನ್ನೇ. ಆದರೆ ನಮ್ಮ ಬಿಸ್ಕತ್ತು ಮುರಿದರೆ ಕಟ್ಟೆಂದು ಸದ್ದು ಮಾಡಬೇಕು; ನಮ್ಮೂರ ಬೇಕರಿಯ ನಾನ್‌ಖಟಾಯಿ ಬಾಯಲ್ಲಿಟ್ಟರೆ ಪುಡಿಪುಡಿಯಾಗಬೇಕು. ಅಮೆರಿಕದ ಮಕ್ಕಳು ಇಂದು ಬಯಸುವ ಕುಕಿ ಹಾಗಲ್ಲ. ಅಂಚಿನಲ್ಲಿ ಮಾತ್ರ ತುಸು ಗಟ್ಟಿಯಾಗಿ, ಒಡಲಲ್ಲಿ ಹಸಿ ಪೇಡೆಯಂತೆ ಮೆತ್ತಗಿದ್ದು, ಮುರಿಯುವಾಗ ಬಾಗಿ ಬಾಗಿ ಬೇರ್ಪಡುವ ತಿನಿಸು ಅದು. ಮೊದಲ ಬಾರಿ ತಿಂದವರು ಇದಿನ್ನೂ ಬೆಂದಿಲ್ಲವೆಂದು ಹೇಳಿದರೆ ಆಶ್ಚರ್ಯವಿಲ್ಲ.

ತಿನಿಸಿನ ಮಾತಿಗೆ ಈ ಪತ್ರಿಕೆಯಲ್ಲೇಕೆ ಇಷ್ಟು ಎಡೆ ಎಂದು ಕೆಲವರಿಗೆ ಅನಿಸಬಹುದು. ಮಗನೋ ಮಗಳೋ ಸಮುದ್ರದಾಚೆ ಸಂಸಾರ ಹೂಡಿರುವ ಮನೆಗಳು ನಮ್ಮ ಓದುಗರಲ್ಲಿ ಈಗ ಅಪರೂಪವಲ್ಲ. ಬಾಣಂತನಕ್ಕೆಂದು ಹೋಗುವ ತಾಯಂದಿರು, ಮೊಮ್ಮಕ್ಕಳನ್ನು ನೋಡಲೆಂದು ಹೋಗುವ ಹಿರಿಯರು ಅಲ್ಲಿ ಮೊದಲು ಎದುರಿಸುವುದು ಚಳಿಯನ್ನಲ್ಲ, ಅಡಿಗೆಮನೆಯ ಪ್ರಶ್ನೆಯನ್ನು. ಮೊಟ್ಟೆ ಬೆರೆಯದ ಸಿಹಿ ಯಾವುದು, ಬೆರೆತದ್ದು ಯಾವುದು ಎಂಬುದು ಆ ಪ್ರಶ್ನೆಗಳಲ್ಲಿ ಮುಖ್ಯವಾದುದು. ನಾವು ಆ ಪ್ರಾಂತದಲ್ಲಿ ಕೆಲವು ವಾರ ಉಪನ್ಯಾಸದ ನಿಮಿತ್ತ ತಂಗಿದ್ದಾಗ ಈ ವಿಷಯ ಎರಡು ದಿಕ್ಕುಗಳಿಂದ ನಮ್ಮೆದುರಿಗೆ ಬಂದಿತು. ಒಂದು ವಿಟ್‌ಮನ್ನಿನಿಂದ, ಇನ್ನೊಂದು ನಾವು ಬಿಡಾರ ಮಾಡಿದ ಮನೆಯಿಂದ.

ವಿಟ್‌ಮನ್ನಿಗೆ ನಾವು ಹೋದದ್ದು ಅಕ್ಟೋಬರ್ ತಿಂಗಳಿನಲ್ಲಿ. ಮೇಪಲ್ ಮರಗಳ ಎಲೆ ಕುಂಕುಮದ ಬಣ್ಣಕ್ಕೆ ತಿರುಗಿ ದಾರಿಯ ಇಕ್ಕೆಲದಲ್ಲಿ ಉದುರುತ್ತಿತ್ತು. ಬೆಡ್‌ಫರ್ಡ್ ಬೀದಿ ಎಂದು ಕರೆಯಲಾಗುವ 18ನೆಯ ಸಂಖ್ಯೆಯ ಹೆದ್ದಾರಿಯ ಅಂಚಿನಲ್ಲಿ ನಮ್ಮನ್ನು ಕರೆದೊಯ್ದವರು ಕಾರು ನಿಲ್ಲಿಸಿದರು. ನೋಡಿದರೆ ಎದುರಿಗೆ ಮಾಂಸದ ಬನ್ನು ಮಾರುವ ವೆಂಡೀಸ್ ಎಂಬ ಉಪಾಹಾರಗೃಹ. ಪಕ್ಕದಲ್ಲಿ ಹಳೆಯ ಮಾದರಿಯ ಒಂದು ಫಲಕ. ಅದರ ಮೇಲೆ ‘ಟೋಲ್ ಹೌಸ್, 1709’ ಎಂದು ಬರೆದಿದೆ. ಟೋಲ್ ಹೌಸ್ ಎಂದರೆ ನಮ್ಮ ಸುಂಕದಕಟ್ಟೆ. ಫಲಕ ಬಿಟ್ಟರೆ ಆ ಮನೆಯ ಕುರುಹು ಬೇರೊಂದಿಲ್ಲ.

ಕಾಲನಿರ್ಣಯವನ್ನೇ ವೃತ್ತಿಯಾಗಿ ಮಾಡಿಕೊಂಡ ನಮಗೆ ಆ ಫಲಕವೇ ಮೊದಲ ತೊಡಕಾಯಿತು. ಅಲ್ಲಿದ್ದ ಕಟ್ಟಡ 1709ರದಲ್ಲ, 1817ರದು. ಅಲ್ಲಿ ಸುಂಕ ವಸೂಲಿ ನಡೆದದ್ದೂ ಇಲ್ಲ. ಹೆಸರೂ ವರ್ಷವೂ ಎರಡೂ ಗಿರಾಕಿಗಳನ್ನು ಸೆಳೆಯಲು ಅಳವಡಿಸಿಕೊಂಡವು. ಬಾಸ್ಟನ್ನಿನಿಂದ ನ್ಯೂ ಬೆಡ್‌ಫರ್ಡ್ ಬಂದರಿಗೆ ಹೋಗುವ ಹಳೆಯ ದಾರಿ ಅದಾದುದರಿಂದ, ಕುದುರೆಗಾಡಿಗಳು ನಿಂತು ಸುಂಕ ತೆತ್ತು ಊಟಮಾಡುತ್ತಿದ್ದ ಚಿತ್ರ ಜನರ ಮನಸ್ಸಿಗೆ ಹಿಡಿಸಿತು. ನಮ್ಮಲ್ಲಿ ಸ್ಥಳಪುರಾಣಗಳು ಹುಟ್ಟುವ ಬಗೆಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ.

ಆ ಮನೆಯನ್ನು 1930ರಲ್ಲಿ ಕೊಂಡು ಊಟದ ವಸತಿಗೃಹವನ್ನಾಗಿ ಮಾಡಿದವರು ಕೆನೆತ್ ವೇಕ್‌ಫೀಲ್ಡ್ ಮತ್ತು ಅವರ ಪತ್ನಿ ರೂತ್ ವೇಕ್‌ಫೀಲ್ಡ್. ಜಗತ್ತಿನ ವ್ಯಾಪಾರವೆಲ್ಲ ಕುಸಿದು ಬಿದ್ದಿದ್ದ ಕಾಲ ಅದು; ಕೈಯಲ್ಲಿದ್ದ ಅಲ್ಪ ಹಣದಿಂದ ಏಳು ಮೇಜುಗಳನ್ನು ಹಾಕಿ ಆರಂಭಿಸಿದರೆಂದು ಹೇಳುತ್ತಾರೆ. ರೂತ್ ಅವರು 1903ರಲ್ಲಿ ಜನಿಸಿದವರು. ಫ್ರೇಮಿಂಗ್‌ಹ್ಯಾಮಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ಗೃಹವಿಜ್ಞಾನವನ್ನು ಓದಿ 1924ರಲ್ಲಿ ತೇರ್ಗಡೆಯಾಗಿ, ಪ್ರೌಢಶಾಲೆಯಲ್ಲಿ ಆ ವಿಷಯವನ್ನೇ ಕಲಿಸಿ, ಆಹಾರತಜ್ಞೆಯಾಗಿಯೂ ದುಡಿದಿದ್ದರು. ಈ ಹಿನ್ನೆಲೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಮಾತಿಗೆ ಇದು ಬೇಕಾಗುತ್ತದೆ.

ಆ ಕುಕಿ ಹುಟ್ಟಿದ ಬಗೆಗೆ ಅಮೆರಿಕದಲ್ಲಿ ಹತ್ತಾರು ಕಥೆಗಳಿವೆ. ಒಂದು ದಿನ ರೂತ್ ಅವರ ಬಳಿ ಕರಗಿಸಿ ಬೆರೆಸುವ ಚಾಕೊಲೇಟು ಮುಗಿದಿತ್ತಂತೆ; ಗಡಿಬಿಡಿಯಲ್ಲಿ ನೆಸ್ಲೆ ಕಂಪನಿಯ ಚಾಕೊಲೇಟ್ ಹಲಗೆಯೊಂದನ್ನು ಚೂರುಮಾಡಿ ಕಣಕಕ್ಕೆ ಹಾಕಿದರಂತೆ; ಒಲೆಯಲ್ಲಿ ಅದು ಕರಗಿ ಹಿಟ್ಟೆಲ್ಲ ಕಂದಾಗುವುದೆಂದು ನಿರೀಕ್ಷಿಸಿದರೆ, ಚೂರುಗಳು ಚೂರುಗಳಾಗಿಯೇ ಉಳಿದವಂತೆ. ಇನ್ನೊಂದು ಕಥೆಯಲ್ಲಿ ದೊಡ್ಡ ಮಿಶ್ರಣಯಂತ್ರದ ಅದುರುವಿಕೆಗೆ ಮೇಲಿನ ಹಲಗೆಯಿಂದ ಚಾಕೊಲೇಟು ತಾನಾಗಿ ಕೆಳಗೆ ಬಿತ್ತಂತೆ. ಕೇಳಲು ಚೆನ್ನಾಗಿವೆ. ಆದರೆ ಪರಿಶೀಲಿಸಿದರೆ ನಿಲ್ಲುವುದಿಲ್ಲ.

ತಾಳೆಗರಿಯ ಪಾಠಾಂತರಗಳನ್ನು ತೂಗುವಾಗ ನಾವು ಕೇಳುವ ಪ್ರಶ್ನೆ ಒಂದೇ: ಕರ್ತೃವಿನ ಸ್ವಂತ ಮಾತು ಉಳಿದಿದೆಯೆ? ಇಲ್ಲಿ ಉಳಿದಿದೆ. ಐಸ್‌ಕ್ರೀಮಿನ ಜೊತೆಗೆ ತಾವು ಬಡಿಸುತ್ತಿದ್ದ ಬಟರ್‌ಸ್ಕಾಚ್ ಬಿಸ್ಕತ್ತು ಎಲ್ಲರಿಗೂ ಮೆಚ್ಚುಗೆಯಾಗಿದ್ದರೂ ಅದಕ್ಕಿಂತ ಬೇರೆಯಾದುದೊಂದನ್ನು ಕೊಡಬೇಕೆಂದು ತಾವು ಪ್ರಯತ್ನಿಸುತ್ತಿದ್ದೆವೆಂದು ರೂತ್ ಅವರೇ ಹೇಳಿದ್ದಾರೆ. ಅಂದರೆ ಅದು ಬೇಕೆಂದೇ ಮಾಡಿದ ಪ್ರಯೋಗ. ಸೂ ಬ್ರೈಡ್ಸ್ ಎಂಬ ಸಹಾಯಕಿ ಆ ಕೆಲಸದಲ್ಲಿ ಅವರ ಜೊತೆಗಿದ್ದರು. ಗೃಹವಿಜ್ಞಾನವನ್ನು ಕ್ರಮವಾಗಿ ಓದಿ, ಪಾಠ ಹೇಳಿ, ಅಡಿಗೆಯ ಪುಸ್ತಕವನ್ನೂ ಪ್ರಕಟಿಸಿದ್ದ ವಿದುಷಿಗೆ ಚಾಕೊಲೇಟು ಒಲೆಯಲ್ಲಿ ಹೇಗೆ ವರ್ತಿಸುತ್ತದೆಂದು ತಿಳಿದಿರಲಿಲ್ಲವೆಂಬುದನ್ನು ನಂಬುವುದು ಕಷ್ಟ. ಹೆಣ್ಣುಮಗಳೊಬ್ಬಳು ಓದಿನಿಂದಲೂ ಶ್ರಮದಿಂದಲೂ ಸಾಧಿಸಿದ್ದನ್ನು ಅದೃಷ್ಟದ ಲೆಕ್ಕಕ್ಕೆ ಬರೆದುಬಿಡುವ ಅಭ್ಯಾಸ ಆ ದೇಶದಲ್ಲಿಯೂ ಇದೆಯೆಂದು ನಮಗೆ ಖೇದವಾಯಿತು.

ಆ ಕುಕಿಯ ವಿಧಾನ ಅಚ್ಚಾದದ್ದು ಅವರ ಅಡಿಗೆಯ ಪುಸ್ತಕದ 1938ರ ಆವೃತ್ತಿಯಲ್ಲಿ. ಅಲ್ಲಿ ಅದರ ಹೆಸರು ‘ಟೋಲ್ ಹೌಸ್ ಚಾಕೊಲೇಟ್ ಕ್ರಂಚ್ ಕುಕಿ’. ಕ್ರಂಚ್ ಎಂದರೆ ಕುರುಕುರು. ಮೂಲದ ಕುಕಿ ಗಾತ್ರದಲ್ಲಿ ತೀರ ಚಿಕ್ಕದು, ಅರ್ಧ ಚಹಾಚಮಚೆಯಷ್ಟು ಕಣಕದಿಂದ ಆದದ್ದು, ಗರಿಗರಿಯಾದದ್ದು. ಇಂದಿನ ಅಂಗೈಯಗಲದ ಮೆತ್ತನೆಯ ಕುಕಿ ಅದರ ವಂಶದ ಮುಂದಿನ ತಲೆಮಾರು. 1939ರಲ್ಲಿ ನೆಸ್ಲೆ ಕಂಪನಿಗೆ ತಮ್ಮ ವಿಧಾನವನ್ನೂ ಟೋಲ್ ಹೌಸ್ ಎಂಬ ಹೆಸರನ್ನೂ ಬಳಸಲು ಅವರು ಅನುಮತಿ ಕೊಟ್ಟರು. ಪ್ರತಿಫಲವೆಂದು ಒಂದು ಡಾಲರು ಗೊತ್ತಾಗಿತ್ತೆಂಬುದು ಪ್ರಸಿದ್ಧವಾದ ಮಾತು. ಕಂಪನಿಯು ಚಾಕೊಲೇಟ್ ಹಲಗೆಯನ್ನು ಕೊರೆದು ಮಾರಿತು, ತುಂಡರಿಸುವ ಸಾಧನವನ್ನೂ ಕೊಟ್ಟಿತು, ಅನಂತರ ಸಿದ್ಧ ಹನಿಗಳನ್ನೇ ಪೊಟ್ಟಣ ಕಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಮೆಸಾಚುಸೆಟ್ಸಿನ ಸೈನಿಕರಿಗೆ ಮನೆಯಿಂದ ಬರುತ್ತಿದ್ದ ಡಬ್ಬಿಗಳ ಮೂಲಕ ಇತರ ರಾಜ್ಯದವರಿಗೂ ಇದರ ರುಚಿ ಹತ್ತಿತು.

ವೇಕ್‌ಫೀಲ್ಡ್ ದಂಪತಿಗಳು 1960ರ ದಶಕದಲ್ಲಿ ಮನೆಯನ್ನು ಮಾರಿದರು. ರೂತ್ ಅವರು 1977ರಲ್ಲಿ ತೀರಿಕೊಂಡರು. 1984ರ ಡಿಸೆಂಬರ್ 31ರಂದು ಕಟ್ಟಡಕ್ಕೆ ಬೆಂಕಿ ಬಿದ್ದು ಬೂದಿಯಾಯಿತು. 1997ರಲ್ಲಿ ಸಾಮರ್‌ಸೆಟ್ ಎಂಬ ಊರಿನ ಮೂರನೆಯ ತರಗತಿಯ ಮಕ್ಕಳ ಕೋರಿಕೆಯಂತೆ ಇದು ಆ ರಾಜ್ಯದ ಅಧಿಕೃತ ಕುಕಿ ಎನಿಸಿತು. 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತಾನು ಹಿಂದೆ ಗಮನಿಸದೆ ಬಿಟ್ಟವರನ್ನು ಸ್ಮರಿಸುವ ಲೇಖನಮಾಲೆಯಲ್ಲಿ ರೂತ್ ಅವರ ಜೀವನಚರಿತ್ರೆಯನ್ನು ಪ್ರಕಟಿಸಿತು. ತೀರಿಕೊಂಡ ನಲವತ್ತು ವರ್ಷಗಳಾಚೆಗೆ!

ಮರಳುವಾಗ ಬಾಸ್ಟನ್ನಿನ ದಕ್ಷಿಣದಂಚಿನಲ್ಲಿ, ನೆಪಾನ್ಸೆಟ್ ನದಿಯ ದಡದ ಡಾರ್ಚೆಸ್ಟರ್ ಲೋವರ್ ಮಿಲ್ಸ್ ಎಂಬಲ್ಲಿಗೂ ಹೋದೆವು. ಜಾನ್ ಹ್ಯಾನನ್ ಎಂಬ ಐರಿಷ್ ವಲಸಿಗ ಜೇಮ್ಸ್ ಬೇಕರ್ ಎಂಬವರ ಹಣದ ಬೆಂಬಲದಿಂದ ಇಲ್ಲಿ ನೀರಿನ ಬಲದಿಂದ ತಿರುಗುವ ಬೀಸುಕಲ್ಲಿನಲ್ಲಿ ಕೋಕೋ ಬೀಜವನ್ನು ಅರೆಯತೊಡಗಿದ್ದು 1765ರ ಸುಮಾರಿಗೆ. 1779ರಲ್ಲಿ ಬೀಜ ಕೊಳ್ಳಲೆಂದು ವೆಸ್ಟ್ ಇಂಡೀಸಿಗೆ ಹಡಗು ಹತ್ತಿದ ಹ್ಯಾನನ್ ಮತ್ತೆ ಬರಲಿಲ್ಲ; ಕಾರ್ಖಾನೆ ಬೇಕರ್ ಮನೆತನದ್ದಾಯಿತು. ಅಂದಿನಿಂದ 1965ರಲ್ಲಿ ಯಂತ್ರಗಳನ್ನು ಡೆಲವೇರ್ ರಾಜ್ಯಕ್ಕೆ ಸಾಗಿಸುವವರೆಗೆ ಈ ನದೀತೀರದಲ್ಲಿ ಚಾಕೊಲೇಟು ತಯಾರಾಯಿತು. ಕೆಂಪಿಟ್ಟಿಗೆಯ ಎತ್ತರದ ಕಟ್ಟಡಗಳಲ್ಲಿ ಈಗ ಸಂಸಾರಗಳು ವಾಸವಾಗಿವೆ. ಕೋಕೋ ಗಿಡ ಭೂಮಧ್ಯರೇಖೆಯ ಆಸುಪಾಸಿನ ಉಷ್ಣ ಸೀಮೆಯದು, ಆ ಶೀತ ದೇಶದಲ್ಲಿ ಬೆಳೆಯುವಂಥದಲ್ಲ. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟದ ನೆರಳಿನಲ್ಲಿ ಅದು ಹುಲುಸಾಗಿ ಬೆಳೆಯುತ್ತದೆ. ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋ 1986ರಲ್ಲಿಯೇ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಜಗತ್ತಿನ ಕೋಕೋದಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿನ ತೋಟಗಳಲ್ಲಿ ಎಳೆಯ ಮಕ್ಕಳನ್ನು ದುಡಿಸುವ ವಿಷಯ ವರ್ಷಗಳಿಂದ ಚರ್ಚೆಯಲ್ಲಿದೆ. ಕೊಳ್ಳುವಾಗ ಇದು ನೆನಪಿಗೆ ಬರುವುದು ಒಳ್ಳೆಯದೇ.

ಇನ್ನು ಮನೆಯ ಮಾತು. ನಾವಿದ್ದದ್ದು ಬಾಸ್ಟನ್ನಿನ ಪಶ್ಚಿಮದ ಒಂದು ಉಪನಗರದಲ್ಲಿ, ಧಾರವಾಡ ಸೀಮೆಯಿಂದ ಹೋಗಿ ನೆಲೆಸಿದ ಸದ್ಭಕ್ತರ ಮನೆಯಲ್ಲಿ. ಗಂಡಹೆಂಡಿರಿಬ್ಬರೂ ಉದ್ಯೋಗಸ್ಥರು, ಒಂಬತ್ತು ವರ್ಷದ ಮಗಳು, ಆರು ತಿಂಗಳಿಗೆಂದು ಬಂದಿದ್ದ ಅಜ್ಜಿ. ಅಜ್ಜಿ ಇಷ್ಟಲಿಂಗಕ್ಕೆ ಅರ್ಪಿಸದೆ ಏನನ್ನೂ ಬಾಯಿಗಿಡುವವರಲ್ಲ. ಶಾಲೆಯ ಸಹಾಯಾರ್ಥ ಮಾರಾಟಕ್ಕೆ ಪ್ರತಿ ಮಗುವೂ ಮನೆಯಲ್ಲಿ ಮಾಡಿದ ಒಂದು ತಿನಿಸನ್ನು ಒಯ್ಯಬೇಕಾಗಿತ್ತು. ಹುಡುಗಿಗೆ ಚಾಕೊಲೇಟ್ ಕುಕಿಯೇ ಬೇಕು. ಮೂಲ ವಿಧಾನದಲ್ಲಿ ಎರಡು ಮೊಟ್ಟೆ ಇದೆ.

ತಾಯಿ ಸಂಕಟಕ್ಕೆ ಸಿಕ್ಕಿದ್ದರು. “ಮೊಟ್ಟಿ ಹಾಕಿದ ತಾಟಿನ್ಯಾಗ ಮಾಡಿದ್ದನ್ನ ನಾ ಲಿಂಗಕ್ಕ ತೋರಸೂದಿಲ್ಲ. ನನಗ ಬ್ಯಾಡ, ಕೂಸಿಗೆ ಬೇಕಂದ್ರ ಮಾಡಿಕೊಡು” ಎಂದು ಅಜ್ಜಿ ಹೇಳಿದ್ದರು. ಮಾತಿನಲ್ಲಿ ಕೋಪವಿರಲಿಲ್ಲ. ಆದರೆ ಮೊಮ್ಮಗಳು ತನ್ನ ಕೈಯಾರ ಮಾಡಿದ್ದನ್ನು ಅಜ್ಜಿ ಮುಟ್ಟುವುದಿಲ್ಲವೆಂಬುದು ಆ ಮಗುವಿಗೆ ಅರ್ಥವಾಗಿತ್ತು. ಎರಡು ದಿನ ಅದು ಅಜ್ಜಿಯ ಮಗ್ಗುಲಲ್ಲಿ ಮಲಗಲಿಲ್ಲ. ಅಂಗಡಿಯ ಕುಕಿ ತಂದು ಕೊಡೋಣವೆಂದರೆ ಅದರಲ್ಲಿಯೂ ಬಹುಪಾಲು ಮೊಟ್ಟೆಯೇ. ನಮ್ಮ ದೇಶದಲ್ಲಾದರೆ ಪೊಟ್ಟಣದ ಮೇಲಿನ ಹಸಿರು ಗುರುತು ನೋಡಿದರೆ ಸಾಕು. ಮೊಟ್ಟೆ ಬೆರೆತದ್ದಕ್ಕೆ ಕಂದು ಗುರುತಿರುತ್ತದೆ. ಅಲ್ಲಿ ಅಂಥ ಗುರುತಿಲ್ಲ. ಆದರೆ ಕೆಲವರಿಗೆ ಒಗ್ಗದ ಪದಾರ್ಥಗಳನ್ನು ಪೊಟ್ಟಣದ ಮೇಲೆ ಸ್ಪಷ್ಟವಾಗಿ ನಮೂದಿಸಬೇಕೆಂಬ ಕಾಯಿದೆ 2006ರಿಂದ ಜಾರಿಯಲ್ಲಿದ್ದು, ಮೊಟ್ಟೆ ಆ ಪಟ್ಟಿಯಲ್ಲಿದೆ. ಹೋಗುವ ಹಿರಿಯರು ಇದನ್ನು ತಿಳಿದಿರಲಿ. ಇನ್ನೂ ಎರಡು ಸೂಕ್ಷ್ಮಗಳುಂಟು. ಅಲ್ಲಿ ವೆನಿಲಾ ಎಕ್ಸ್‌ಟ್ರಾಕ್ಟ್ ಎಂದು ಮಾರುವ ದ್ರವದಲ್ಲಿ ನಿಯಮದಂತೆಯೇ ಶೇಕಡಾ 35ಕ್ಕೆ ಕಡಿಮೆಯಿಲ್ಲದಷ್ಟು ಮದ್ಯಸಾರವಿರುತ್ತದೆ. ಬೇಡವೆನ್ನುವವರು ವೆನಿಲಾ ಪುಡಿಯನ್ನು ಕೊಳ್ಳಬಹುದು. ಕೆಲವು ಬಿಳಿ ಕಬ್ಬಿನ ಸಕ್ಕರೆಯನ್ನು ಮೂಳೆಯ ಇದ್ದಿಲಿನಿಂದ ಶೋಧಿಸುವುದುಂಟು; ಸಾವಯವವೆಂದು ಪ್ರಮಾಣಿತವಾದ ಸಕ್ಕರೆಗೆ ಆ ದೋಷವಿಲ್ಲ.

ದಾರಿ ತೋರಿಸಿದ್ದು ಅಜ್ಜಿಯ ಸ್ವಂತ ಡಬ್ಬಿ. ಊರಿನಿಂದ ಅವರು ಹಿಂಡಿ ಮಾಡಲೆಂದು ಎರಡು ಸೇರು ಅಗಸಿ ತಂದಿದ್ದರು. ಹುರಿಯದ ಅಗಸೆಯ ಪುಡಿಗೆ ನೀರು ಬೆರೆಸಿದರೆ ಹತ್ತು ನಿಮಿಷದಲ್ಲಿ ಲೋಳೆಯಾಗುತ್ತದೆ. ಒಂದು ಊಟದ ಚಮಚೆ ಪುಡಿ, ಮೂರು ಚಮಚೆ ನೀರು ಒಂದು ಮೊಟ್ಟೆಯ ಕೆಲಸ ಮಾಡುತ್ತದೆಂಬುದು ಅಲ್ಲಿನ ಸಸ್ಯಾಹಾರಿಗಳಿಗೆ ಚಿರಪರಿಚಿತ ಸಂಗತಿ. ಸೊಸೆ ಅದನ್ನು ಎಲ್ಲೋ ಓದಿದ್ದರು. “ಅತ್ತಿ, ನಿಮ್ಮ ಅಗಸಿ ಒಂದು ಚಮಚಾ ಕೊಡ್ರಿ” ಎಂದಾಗ ಅಜ್ಜಿ ನಕ್ಕು, “ಹಿಂಡಿಯಿಂದ ಬಿಸ್ಕೀಟ ಮಾಡ್ತಿಯೇನವಾ?” ಎಂದರು. ಒಲೆಯ ಹಳೆಯ ತಟ್ಟೆಯನ್ನು ಬಿಟ್ಟು ಹೊಸದೊಂದನ್ನು ತಂದದ್ದಾಯಿತು.

ಮೊಟ್ಟೆ ಇಲ್ಲದಿರುವುದು ಮೆತ್ತನೆಯ ಕುಕಿಗೆ ಕುಂದಲ್ಲ ಎಂಬುದನ್ನು ನಾವು ಕಣ್ಣಾರೆ ಕಂಡೆವು. ಮೊಟ್ಟೆಯ ಬಿಳಿಭಾಗ ಬೆಂದಾಗ ಕಣಕವನ್ನು ಉಬ್ಬಿಸಿ ಒಣಗಿಸುತ್ತದೆ. ಅಗಸೆಯ ಲೋಳೆಯಾದರೋ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಂದು ಸಕ್ಕರೆಯ ಗುಣವೂ ಅದೇ. ಅದು ಕಾಕಂಬಿ ಬೆರೆತ ಸಕ್ಕರೆ, ತೇವವನ್ನು ಬಿಡುವುದಿಲ್ಲ. ನಮ್ಮಲ್ಲಿ ಅದರ ಬದಲು ನುಣ್ಣಗೆ ಜರಡಿ ಹಿಡಿದ ಬೆಲ್ಲದ ಪುಡಿ ನಡೆಯುತ್ತದೆ.

ಆ ತಾಯಿ ಅನುಸರಿಸಿದ ಅಳತೆಯನ್ನು ಬರೆದುಕೊಂಡು ಬಂದಿದ್ದೇವೆ. 120 ಗ್ರಾಂ ಕಪ್ಪು ಚಾಕೊಲೇಟು, 80 ಗ್ರಾಂ ಬೆಣ್ಣೆ ಇವೆರಡನ್ನೂ ಒಂದು ಪಾತ್ರೆಗೆ ಹಾಕಿ, ಕುದಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಬೇಕು. ನೀರಿನ ಹನಿ ಒಳಗೆ ಬೀಳಬಾರದು, ಬಿದ್ದರೆ ಚಾಕೊಲೇಟು ಗಂಟುಕಟ್ಟುತ್ತದೆ. ಅದು ಉಗುರುಬೆಚ್ಚಗಾದ ಮೇಲೆ 120 ಗ್ರಾಂ ಕಂದು ಸಕ್ಕರೆಯನ್ನೂ ನೆನೆದ ಅಗಸೆಯ ಲೋಳೆಯನ್ನೂ ಹಾಕಿ ಚೆನ್ನಾಗಿ ಕಲಸಬೇಕು. 100 ಗ್ರಾಂ ಮೈದಾ, 20 ಗ್ರಾಂ ಕೋಕೋ ಪುಡಿ, ಅರ್ಧ ಚಹಾಚಮಚೆ ಅಡಿಗೆ ಸೋಡಾ, ಚಿಟಿಕೆ ಉಪ್ಪು ಇವನ್ನು ಒಟ್ಟಿಗೆ ಜರಡಿ ಹಿಡಿದು ಬೆರೆಸಬೇಕು. ಮೈದಾ ಬಿದ್ದ ಮೇಲೆ ಹೆಚ್ಚು ನಾದಬಾರದು, ನಾದಿದರೆ ಜಿಗುಟು ಬಂದು ಕುಕಿ ಗಡುಸಾಗುತ್ತದೆ. ಕೊನೆಯಲ್ಲಿ 100 ಗ್ರಾಂ ಚಾಕೊಲೇಟಿನ ಚೂರುಗಳು. ಕಣಕವನ್ನು ಮುಕ್ಕಾಲು ಗಂಟೆ ತಂಪುಪೆಟ್ಟಿಗೆಯಲ್ಲಿ ಇಡುವುದು ಅವಶ್ಯ. ಬೆಣ್ಣೆ ಗಟ್ಟಿಯಾಗಿದ್ದರೆ ಒಲೆಯಲ್ಲಿ ಕುಕಿ ದೋಸೆಯಂತೆ ಹರಿಯುವುದಿಲ್ಲ. ಬಳಿಕ ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಎರಡು ಬೆರಳಿನಷ್ಟು ಅಂತರ ಬಿಟ್ಟು ತಟ್ಟೆಯಲ್ಲಿ ಜೋಡಿಸಬೇಕು. ಹದಿನಾರು ಆಗುತ್ತವೆ.

ಮುಖ್ಯವಾದ ಮಾತು ಇಲ್ಲಿದೆ. ಮೊದಲೇ 175 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯ್ದ ಓವನ್ನಿನಲ್ಲಿ ಹತ್ತರಿಂದ ಹನ್ನೊಂದು ನಿಮಿಷ ಮಾತ್ರ. ಅಂಚು ಬಿಗಿದು ನಡುಭಾಗ ಇನ್ನೂ ಹಸಿಯೆಂದು ತೋರುವಾಗಲೇ ಹೊರಗೆ ತೆಗೆಯಬೇಕು. ಕೈಯಿಂದ ಮುಟ್ಟಬಾರದು, ತಟ್ಟೆಯ ಕಾವಿನಲ್ಲಿಯೇ ಹತ್ತು ನಿಮಿಷ ಬಿಟ್ಟರೆ ಒಳಗಿನದು ತಾನಾಗಿ ನಿಲ್ಲುತ್ತದೆ. ಬೆಂದಿತೆಂದು ಮನಸ್ಸಿಗೆ ಸಮಾಧಾನವಾಗುವವರೆಗೆ ಕಾದವರಿಗೆ ದೊರೆಯುವುದು ಗಟ್ಟಿ ಬಿಸ್ಕತ್ತೇ ಹೊರತು ಇದಲ್ಲ. ಓವನ್ ಇಲ್ಲದ ನಮ್ಮ ಮನೆಗಳಲ್ಲಿ ದಪ್ಪ ತಳದ ಪಾತ್ರೆಗೆ ಬೆರಳುದ್ದ ಉಪ್ಪು ಹರಡಿ, ಮೇಲೆ ಸಿಂಬಿಯಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಅನಂತರ ತಟ್ಟೆಯನ್ನಿಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು. ಹೊತ್ತು ಕೊಂಚ ಹೆಚ್ಚು ಹಿಡಿಯುತ್ತದೆ, ಹದಿನೈದು ನಿಮಿಷದ ಬಳಿಕ ಮುಚ್ಚಳ ತೆಗೆದು ನೋಡುತ್ತಿರಬೇಕು.

ಆ ಸಂಜೆ ಅಜ್ಜಿ ಲಿಂಗಪೂಜೆಯ ಹೊತ್ತಿಗೆ ಹುಡುಗಿ ಬಟ್ಟಲಿನಲ್ಲಿ ಎರಡು ಕುಕಿ ತಂದು ಗದ್ದುಗೆಯ ಬದಿಗಿಟ್ಟು ಮಾತಿಲ್ಲದೆ ಕುಳಿತಳು. ಅಜ್ಜಿ ಅರ್ಪಿಸಿ, ಒಂದನ್ನು ಮುರಿದು ಮೊದಲು ಅವಳ ಬಾಯಿಗೆ ಹಾಕಿ, ಉಳಿದುದನ್ನು ತಾವು ತಿಂದರು. “ಪಂಡಿತರ, ಒಳಗ ಹಸಿನ ಐತ್ರಿ, ಆದರ ಛಲೋ ಐತಿ” ಎಂದು ನಮಗೂ ಒಂದು ಕೊಟ್ಟರು. ಶಾಲೆಗೆ ಹೋದ ಹನ್ನೆರಡರಲ್ಲಿ ನಾಲ್ಕನ್ನು ಕೊಂಡದ್ದು ಮೊಟ್ಟೆ ಒಗ್ಗದ ಒಬ್ಬ ಬಾಲಕನ ತಾಯಿ. ಅಂಥ ಮಾರಾಟಗಳಲ್ಲಿ ಅವನು ತಿನ್ನಬಹುದಾದುದು ಸಿಕ್ಕಿದ್ದು ಅದೇ ಮೊದಲೆಂದು ಹೇಳಿ, ಹುಡುಗಿಯ ಕೈಯಿಂದಲೇ ಅಳತೆಯನ್ನು ಬರೆಸಿಕೊಂಡು ಹೋದರಂತೆ.

ಈ ಕುಕಿ ಗಾಳಿಯಾಡದ ಡಬ್ಬಿಯಲ್ಲಿ ನಾಲ್ಕೈದು ದಿನ ಮೆತ್ತಗೆ ಉಳಿಯುತ್ತದೆ. ಗಟ್ಟಿಯಾಗತೊಡಗಿದರೆ ಡಬ್ಬಿಯೊಳಗೆ ಒಂದು ಬ್ರೆಡ್ಡಿನ ತುಂಡನ್ನು ಹಾಕಿ ರಾತ್ರಿ ಮುಚ್ಚಿಡಬೇಕು; ಬೆಳಗಾಗುವಷ್ಟರಲ್ಲಿ ಬ್ರೆಡ್ಡು ಒಣಗಿ ಕುಕಿ ಮೆತ್ತಗಾಗಿರುತ್ತದೆ. ಉಂಡೆಗಳನ್ನು ಬೇಯಿಸದೆ ಹಿಮದ ಪೆಟ್ಟಿಗೆಯಲ್ಲಿಟ್ಟು, ಅತಿಥಿಗಳು ಬಂದಾಗ ಬೇಕಾದಷ್ಟನ್ನೇ ಬೇಯಿಸಿಕೊಳ್ಳುವ ಪದ್ಧತಿಯೂ ಅಲ್ಲಿದೆ. ಆಗ ಒಲೆಯಲ್ಲಿ ಒಂದೆರಡು ನಿಮಿಷ ಹೆಚ್ಚು ಬಿಡಬೇಕಾಗುತ್ತದೆ.